ಮಲೆನಾಡಿನ ಜಾರು ರಸ್ತೆಗೆ ಬಟನ್ ಟೈರೋ, ಮೆದು ರಬ್ಬರಿನ ಟೈರೋ?

ಮಳೆಗಾಲಕ್ಕೆ ಯಾವ ಟೈರು ಹಾಕಿಸಬೇಕು ಎಂದು ಕೇಳುವವರಿಗೆ ನಾನು ಈಗ ಒಂದೇ ಉತ್ತರ ಹೇಳುತ್ತೇನೆ: ಮೆದು ರಬ್ಬರಿನ, ರಸ್ತೆಗೆಂದೇ ಮಾಡಿದ ಟೈರು. ಗಟ್ಟಿ ರಬ್ಬರಿನ ಟೈರನ್ನೂ, ಮೈಮೇಲೆ ರಬ್ಬರಿನ ಗುಬುಟುಗಳು ಎದ್ದಿರುವ ಬಟನ್ ಟೈರನ್ನೂ ಪೂರ್ತಿ ಸವೆಸಿ, ಒಮ್ಮೆ ಬಿದ್ದು ಮೊಣಕೈ ಸುಲಿಸಿಕೊಂಡ ಮೇಲೆ ಬಂದ ತೀರ್ಮಾನವಿದು.

ನಮ್ಮ ಮನೆಯಿರುವುದು ತೀರ್ಥಹಳ್ಳಿ–ಆಗುಂಬೆ ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಮಣ್ಣು ರಸ್ತೆಯಲ್ಲಿ. ಕೆಲಸಕ್ಕೆಂದು ದಿನವೂ ತೀರ್ಥಹಳ್ಳಿಗೆ ಹೋಗಿ ಬರುವುದು 44 ಕಿಲೋಮೀಟರ್. ತಿಂಗಳಿಗೆ ಒಂದೆರಡು ಸಲ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಹೆಬ್ರಿಯ ಕಡೆಗೂ ಹೋಗುವುದುಂಟು. ಬೈಕು 150 ಸಿಸಿಯದು, 2020ರಲ್ಲಿ ಕೊಂಡದ್ದು. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕು ಹಿಡಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದ್ದರಿಂದ ನನ್ನದರಲ್ಲೂ ಅದಿದೆ, ಆದರೆ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಚಕ್ರ ಬ್ರೇಕಿಗೆ ಬಿಗಿದು ಜಾರತೊಡಗಿದರೆ ಅದನ್ನು ತಡೆಯುವ ಸಾಧನ ಗಾಡಿಯಲ್ಲಿಲ್ಲ. ಅಲ್ಲಿ ನೆಚ್ಚಬೇಕಾದದ್ದು ಟೈರನ್ನು ಮತ್ತು ನನ್ನ ಕಾಲನ್ನು. ಹಾಗಾಗಿ ಇಲ್ಲಿ ಹೋಲಿಸಿರುವುದು ಹಿಂದಿನ ಟೈರುಗಳನ್ನು.

ಮೊದಲನೆಯದು ಬೈಕಿನ ಜೊತೆಗೇ ಬಂದ ಗಟ್ಟಿ ರಬ್ಬರಿನ ಟೈರು. ಅದು 32,000 ಕಿಲೋಮೀಟರ್ ಓಡಿತು, ಒಂದೇ ಒಂದು ಪಂಚರ್ ಆಯಿತು. ಒಣ ರಸ್ತೆಯಲ್ಲಿ ಅದರ ಮೇಲೆ ದೂರು ಹೇಳಲಾರೆ. ಆದರೆ ಸವೆತದ ಗುರುತು ಇನ್ನೂ ದೂರವಿರುವಾಗಲೇ ರಬ್ಬರು ಗಡುಸಾಗಿತ್ತು. ಕೊನೆಯ ಮಳೆಗಾಲದಲ್ಲಂತೂ ಒದ್ದೆ ಕಾಂಕ್ರೀಟಿನ ಮೇಲೆ ಬ್ರೇಕು ಮುಟ್ಟಿದರೆ ಸಾಕು, ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯುತ್ತಿತ್ತು. ಟೈರಿನ ಗೀರು ಆಳವಾಗಿ ಉಳಿದಿರುವುದನ್ನು ನೋಡಿ ಇನ್ನೂ ಚೆನ್ನಾಗಿದೆ ಎಂದುಕೊಳ್ಳುವವರು ರಬ್ಬರಿಗೆ ಉಗುರು ಒತ್ತಿ ನೋಡಬೇಕು.

ಅದನ್ನು ಬದಲಿಸುವಾಗ ಟೈರಿನ ಅಂಗಡಿಯವರು, "ನಿಮ್ಮ ಮನೆ ದಾರಿಗೆ ಬಟನ್ ಟೈರೇ ಸರಿ ಮಾರಾಯ್ರೆ" ಎಂದರು. ನನಗೂ ಅದು ಸರಿಯೆನಿಸಿ, 2,600 ರೂಪಾಯಿ ಕೊಟ್ಟು ಹಾಕಿಸಿದೆ. ಮಣ್ಣು ರಸ್ತೆಯ ಮಟ್ಟಿಗೆ ಅವರ ಮಾತು ಸುಳ್ಳಾಗಲಿಲ್ಲ. ಹಿಂದೆ ಕಾಲು ಊರಿಕೊಂಡು ಹತ್ತಿಸುತ್ತಿದ್ದ ಏರನ್ನು ಬಟನ್ ಟೈರು ಎರಡನೇ ಗೇರಿನಲ್ಲಿ ಸಲೀಸಾಗಿ ಹತ್ತಿತು. ಗುಂಡಿಯ ರಾಡಿಯಲ್ಲಿ ಅದರ ಗುಬುಟುಗಳು ಆಳಕ್ಕಿಳಿದು ಗಟ್ಟಿ ನೆಲ ಹಿಡಿಯುತ್ತಿದ್ದವು.

ತೊಂದರೆ ಶುರುವಾದದ್ದು ಮಣ್ಣು ರಸ್ತೆ ಮುಗಿದು ಡಾಂಬರು ಸಿಗುವ ಜಾಗದಲ್ಲಿ. ನಮ್ಮ ಕೆಮ್ಮಣ್ಣು ನೆನೆದರೆ ರೊಟ್ಟಿಯ ಹಿಟ್ಟಿನಂತೆ ಅಂಟುತ್ತದೆ. ಒಂದೂವರೆ ಕಿಲೋಮೀಟರ್ ಬರುವಷ್ಟರಲ್ಲಿ ಗುಬುಟುಗಳ ನಡುವಿನ ಸಂದುಗಳೆಲ್ಲ ಮಣ್ಣಿನಿಂದ ತುಂಬಿ, ಟೈರು ಬೋಳು ಟೈರಿನಂತಾಗಿರುತ್ತದೆ. ಸಡಿಲ ಕೆಸರಾದರೆ ಚಕ್ರ ತಿರುಗುವ ರಭಸಕ್ಕೆ ಹಾರಿಹೋಗುತ್ತದೆ. ಈ ಅಂಟು ಮಣ್ಣು ಹಾಗೆ ಹೋಗುವುದಿಲ್ಲ, ಅದು ಕಳಚಿಕೊಳ್ಳಲು ಡಾಂಬರಿನ ಮೇಲೆ ನೂರಿನ್ನೂರು ಮೀಟರ್ ಓಡಬೇಕು. ನಮ್ಮಲ್ಲಿ ಹೆದ್ದಾರಿ ಸೇರಿದ ಎಂಬತ್ತು ಹೆಜ್ಜೆಯೊಳಗೇ ಬಲಕ್ಕೊಂದು ಇಳಿಜಾರಿನ ತಿರುವಿದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಆ ತಿರುವಿನಲ್ಲಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ವೇಗವೂ ಇಲ್ಲದಿದ್ದಾಗ, ಹಿಂದಿನ ಚಕ್ರ ಒಮ್ಮೆಲೇ ಹೊರಕ್ಕೆ ಜಾರಿ ನಾನು ಬಲಮಗ್ಗುಲಾಗಿ ಬಿದ್ದೆ. ಎದುರಿನಿಂದ ಬರುತ್ತಿದ್ದ ಬಸ್ಸು ದೂರದಲ್ಲೇ ನಿಂತದ್ದರಿಂದ ಮೊಣಕೈಯ ಗಾಯಕ್ಕೆ ಮುಗಿಯಿತು.

ಅಂದಿನಿಂದ ಹೆದ್ದಾರಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ಕೋಲಿನಿಂದ ಮಣ್ಣು ಕೆದಕಿ ಮುಂದೆ ಹೋಗುವುದು ರೂಢಿಯಾಯಿತು. ಸುರಿಯುವ ಮಳೆಯಲ್ಲಿ ರೈನ್‌ಕೋಟು ತೊಟ್ಟು ಬಗ್ಗಿ ದಿನವೂ ಆ ಕೆಲಸ ಮಾಡುವುದು ಎಷ್ಟು ಬೇಸರವೆಂಬುದನ್ನು ಮಾಡಿದವರೇ ಬಲ್ಲರು. ಅವಸರದ ದಿನ ಅದನ್ನು ಬಿಡುತ್ತಿದ್ದೆ, ಬಿಟ್ಟ ದಿನವೆಲ್ಲ ಆ ತಿರುವಿನಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಮಣ್ಣಿಲ್ಲದಿದ್ದರೂ ಒದ್ದೆ ಕಾಂಕ್ರೀಟು, ಸೇತುವೆಯ ಕಬ್ಬಿಣದ ಪಟ್ಟಿ, ರಸ್ತೆಯ ಬಿಳಿ ಬಣ್ಣ ಇವುಗಳ ಮೇಲೆ ಬಟನ್ ಟೈರಿಗೆ ಹಿಡಿತ ಕಡಿಮೆಯೇ. ನೆಲಕ್ಕೆ ತಾಗುವುದು ಗುಬುಟುಗಳ ತಲೆ ಮಾತ್ರವಾದ್ದರಿಂದ ರಬ್ಬರು ಮುಟ್ಟುವ ಜಾಗ ಕಿರಿದು, ಮೇಲಾಗಿ ಗಾಡಿ ವಾಲಿದಾಗ ಒಂದೊಂದು ಗುಬುಟೂ ಬುಡದಲ್ಲಿ ಬಾಗುತ್ತದೆ. ಅದರ ಸದ್ದಿನ ವಿಷಯ ಬೇರೆ. 13,000 ಕಿಲೋಮೀಟರಿಗೆ ಅದು ಸವೆದಾಗ ನನಗೆ ಬೇಸರವಾಗಲಿಲ್ಲ.

ಮೂರನೆಯದು ಮೆದು ರಬ್ಬರಿನದು, 3,100 ರೂಪಾಯಿ. ಅಂಗಡಿಯವರು ಮೊದಲು ತೆಗೆದುಕೊಟ್ಟ ಟೈರಿನ ಬದಿಯಲ್ಲಿ 3822 ಎಂದಿತ್ತು, ಅಂದರೆ 2022ರ ಮೂವತ್ತೆಂಟನೆಯ ವಾರದಲ್ಲಿ ತಯಾರಾದದ್ದು. ಒಂದೂವರೆ ವರ್ಷ ಕಳೆದಿದ್ದರಿಂದ ಹೊಸದನ್ನು ಕೇಳಿ ಪಡೆದೆ. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರ್ ಎಚ್ಚರಿಕೆ ಬೇಕು. ಅದಕ್ಕಾಗಿಯೇ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಹಾಕಿಸಿ ಒಣ ರಸ್ತೆಯಲ್ಲಿ ಪಳಗಿಸಿಕೊಂಡೆ.

ಮಣ್ಣು ರಸ್ತೆಯ ಏರಿನಲ್ಲಿ ಇದು ಬಟನ್ ಟೈರಿಗೆ ಸಾಟಿಯಲ್ಲ. ಎರಡು ಕಡೆ ಮತ್ತೆ ಕಾಲು ಊರಬೇಕಾಗುತ್ತದೆ, ಅದೂ ನಡಿಗೆಯ ವೇಗದಲ್ಲಿ. ಇದರ ಗೀರುಗಳಿಗೂ ಮಣ್ಣು ಮೆತ್ತುತ್ತದೆ, ಆದರೆ ಗೀರು ಕಿರಿದಾಗಿದ್ದು ಮಣ್ಣಿನ ಪದರ ತೆಳುವಾಗಿರುವುದರಿಂದ ಹೆದ್ದಾರಿಯ ಬಾಯಿಂದ ಹತ್ತಿಪ್ಪತ್ತು ಮೀಟರಿನಲ್ಲಿ ತೊಳೆದುಹೋಗುತ್ತದೆ. ಕೋಲು ಹಿಡಿಯುವ ಕೆಲಸ ತಪ್ಪಿತು. ಆ ಬಲತಿರುವಿನಲ್ಲಿ ಒಮ್ಮೆಯೂ ಹೆಜ್ಜೆ ತಪ್ಪಲಿಲ್ಲ, ಆಗುಂಬೆ ಘಾಟಿಯಲ್ಲಿ ಮಂಜು ಮಳೆ ಎರಡೂ ಕವಿದ ಸಂಜೆಯಲ್ಲಿ ಎರಡನೇ ಗೇರಿನಲ್ಲಿ ಇಳಿಯುವಾಗಲೂ ಹಿಂದಿನ ಚಕ್ರ ಅಲುಗಲಿಲ್ಲ. ಪಂಚರ್ ಮಾತ್ರ ಮೂರು ಸಲ ಆಯಿತು.

ಹಾವಸೆ, ಚೆಲ್ಲಿದ ಡೀಸೆಲ್, ನೆನೆದ ಅಡಿಕೆ ಹಾಳೆ, ಇವುಗಳ ಮೇಲೆ ಮೂರು ಟೈರುಗಳೂ ಸಮನಾಗಿ ಜಾರುತ್ತವೆ. ಮರಗಳ ನೆರಳಿನ ರಸ್ತೆಯಲ್ಲಿ ಹಾವಸೆ ಬೆಳೆಯುವುದು ಅಂಚಿನಲ್ಲಿ ಮತ್ತು ನಟ್ಟನಡುವೆ. ವಾಹನಗಳ ಚಕ್ರ ಉಜ್ಜುವ ಎರಡು ಜಾಡುಗಳಲ್ಲಿ ಅದು ನಿಲ್ಲುವುದಿಲ್ಲ. ಆ ಜಾಡನ್ನು ಬಿಡದೆ, ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು ಮುಗಿಸಿ, ಹಾಳೆಯನ್ನು ದಾಟಲೇಬೇಕಾದರೆ ಗಾಡಿಯನ್ನು ನೆಟ್ಟಗಿಟ್ಟು ದಾಟುವುದನ್ನು ರೂಢಿಸಿಕೊಂಡಿದ್ದೇನೆ. ಬೇಸಿಗೆ ಮುಗಿದು ಬೀಳುವ ಮೊದಲ ಮಳೆಯಲ್ಲಿ ಎಣ್ಣೆಯೂ ದೂಳೂ ಕಲಸಿಕೊಂಡು ಮೇಲೆದ್ದಿರುವಾಗ ಎಲ್ಲಾದರೂ ಅರ್ಧ ಗಂಟೆ ನಿಂತು ಹೋಗುತ್ತೇನೆ.

ಖರ್ಚಿನ ಲೆಕ್ಕವನ್ನೂ ಮಾಡಿದ್ದೇನೆ. ಗಟ್ಟಿ ಟೈರನ್ನು ಇಂದು ಕೊಂಡರೆ 2,100 ರೂಪಾಯಿ; 32,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ಆರೂವರೆ ಪೈಸೆ. ಬಟನ್ ಟೈರಿಗೆ ಇಪ್ಪತ್ತು ಪೈಸೆ. ಮೆದು ಟೈರು 17,000 ಕಿಲೋಮೀಟರ್ ಬಂದದ್ದರಿಂದ ಹದಿನೆಂಟು ಪೈಸೆ. ಗಟ್ಟಿ ಟೈರಿಗಿಂತ ನನಗೆ ದಿನಕ್ಕೆ ಐದು ರೂಪಾಯಿ ಹೆಚ್ಚು ಬೀಳುತ್ತದೆ, ಅದನ್ನು ಕೊಡಬಲ್ಲೆ. ದಿನದ ಓಡಾಟದಲ್ಲಿ ಅರ್ಧಕ್ಕಿಂತ ಹೆಚ್ಚು ತೋಟದ ದಾರಿಯೇ ಇರುವವರು ಬಟನ್ ಟೈರನ್ನೇ ಇಟ್ಟುಕೊಳ್ಳಲಿ. ನನ್ನ 44 ಕಿಲೋಮೀಟರಿನಲ್ಲಿ ಮಣ್ಣಿನದು ಮೂರು ಮಾತ್ರ. ಎರಡು ಮಳೆಗಾಲ ಕಂಡ ಆ ಮೆದು ಟೈರು ಸವೆದ ಮೇಲೆ ಮೊನ್ನೆ ಅದೇ ಅಳತೆಯ, ಅದೇ ಜಾತಿಯ ಇನ್ನೊಂದನ್ನು ಹಾಕಿಸಿಕೊಂಡು ಬಂದೆ.