ನ್ಯೂ ಹ್ಯಾಂಪ್‌ಶೈರ್ ಯೂನಿಯನ್ ಲೀಡರ್: ದುಡ್ಡು ಕೊಟ್ಟು ತರಿಸಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಈ ದಿನಪತ್ರಿಕೆ ತರಿಸಿ. ನಾಶುವಾ, ಮ್ಯಾಂಚೆಸ್ಟರ್, ಹಾಲಿಸ್, ಮೆರಿಮ್ಯಾಕ್ ಕಡೆ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಸುಮಾರು ಜನ ಯೂನಿಯನ್ ಲೀಡರ್ ಅಂದರೆ "ಅದು ರಿಪಬ್ಲಿಕನ್ನರ ಪೇಪರ್" ಅಂತ ಮೂಗು ಮುರಿಯುತ್ತಾರೆ. ದೇಶದ ರಾಜಕೀಯಕ್ಕೆ ಟಿವಿ ಇದೆ, ಊರಿನ ಸುದ್ದಿಗೆ ವಾಟ್ಸಾಪ್ ಇದೆ, ಇನ್ನು ಪೇಪರ್ ಯಾಕೆ ಅನ್ನುವವರೂ ಇದ್ದಾರೆ. ನನ್ನ ವಿಚಾರವೂ ಕನ್ಸರ್ವೇಟಿವ್ ಕಡೆಯದೇ, ಮುಚ್ಚಿಡುವುದೇನಿಲ್ಲ. ತೆರಿಗೆ ಕಡಿಮೆ ಇರಬೇಕು, ಶಾಲೆಯ ವಿಚಾರ ಊರವರೇ ತೀರ್ಮಾನ ಮಾಡಬೇಕು, ಸಾಲ ಮಾಡಿ ತುಪ್ಪ ತಿನ್ನುವ ಸರ್ಕಾರ ಬೇಡ ಅನ್ನುವವನು ನಾನು. ಆದರೆ ಪತ್ರಿಕೆ ನನ್ನ ಪಕ್ಷ ಹಿಡಿಯುತ್ತದೆ ಅಂತ ತರಿಸಿ ಅನ್ನುತ್ತಿಲ್ಲ. ಇದರಲ್ಲಿ ವಾಷಿಂಗ್ಟನ್ ಬಗ್ಗೆ ಹೇಳುವ ಮಾತು, ಊರಿನ ಸ್ಕೂಲ್ ಬಜೆಟ್ಟಿನ ಸುದ್ದಿ ಎರಡೂ ಒಂದೇ ಮನೆಯಲ್ಲಿ ಇರುತ್ತವೆ. ಸಂಪಾದಕೀಯದಲ್ಲಿ ಹೇಳಿದ ತತ್ವ ನಮ್ಮ ಮನೆ ಕಂದಾಯದ ಬಿಲ್ಲಿಗೆ ಒಪ್ಪುತ್ತದಾ ಇಲ್ಲವಾ ಅಂತ ಅವತ್ತೇ ತಾಳೆ ನೋಡಬಹುದು. ಟಿವಿ ಚರ್ಚೆಯಲ್ಲಿ ಇದು ಸಿಗುವುದಿಲ್ಲ.

ಈ ರಾಜ್ಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನ್ಯೂ ಹ್ಯಾಂಪ್‌ಶೈರ್ ಜನಸಂಖ್ಯೆ ಸುಮಾರು 14 ಲಕ್ಷ. ಇಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯೂ ಇಲ್ಲ. ಬಡ್ಡಿ ಮತ್ತು ಡಿವಿಡೆಂಡ್ ಮೇಲಿದ್ದ ತೆರಿಗೆಯೂ 2025ರ ಜನವರಿಯಿಂದ ಹೋಯಿತು. ಹಾಗಂತ ಖರ್ಚು ಮಾಯವಾಗುತ್ತದಾ? ಅದೆಲ್ಲ ಬಂದು ಕೂರುವುದು ಪ್ರಾಪರ್ಟಿ ಟ್ಯಾಕ್ಸ್ ಮೇಲೆ. ಮ್ಯಾಸಚೂಸೆಟ್ಸ್‌ನಿಂದ ಗಡಿ ದಾಟಿ ಇಲ್ಲಿಗೆ ಮನೆ ಬದಲಿಸಿದ ನಮ್ಮವರೆಲ್ಲ ಮೊದಲ ಕಂದಾಯದ ಬಿಲ್ ನೋಡಿ ದಂಗಾಗುತ್ತಾರೆ. ವಿಧಾನಸಭೆಯ ಕೆಳಮನೆಯಲ್ಲಿ 400 ಜನ ಇದ್ದಾರೆ. ಆರು ಕೋಟಿಗೂ ಮೀರಿದ ಕರ್ನಾಟಕಕ್ಕೆ 224 ಶಾಸಕರು, 14 ಲಕ್ಷದ ಈ ರಾಜ್ಯಕ್ಕೆ 400! ಅವರ ಸಂಬಳ ವರ್ಷಕ್ಕೆ 100 ಡಾಲರ್. ಹೌದು, ವರ್ಷಕ್ಕೆ. 1889ರಿಂದ ಸಂವಿಧಾನದಲ್ಲಿ ಹಾಗೇ ಇದೆ. ಸರಾಸರಿ ಮೂರೂವರೆ ಸಾವಿರ ಜನಕ್ಕೆ ಒಬ್ಬ ಶಾಸಕ ಅಂದಮೇಲೆ ಅವರು ಅಂಗಡಿಯಲ್ಲಿ ಸಿಗುತ್ತಾರೆ, ಮಗುವಿನ ಶಾಲೆಯ ಹತ್ತಿರ ಸಿಗುತ್ತಾರೆ. ನಾಶುವಾದಿಂದ ಭಾರತೀಯ ಮೂಲದ ಲತಾ ಮಾಂಗಿಪುಡಿ 2013ರ ಉಪಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದು ಇದೇ ಸಭೆಗೆ ಹೋದವರು. ಇಂಥ ರಾಜ್ಯದಲ್ಲಿ ರಾಜಕೀಯ ಅಂದರೆ ಊರಿನ ಸುದ್ದಿಯೇ, ಬೇರೆ ಅಲ್ಲ.

ಈಗ ಪತ್ರಿಕೆಯ ವಿಚಾರ. ಇದರ ಬೇರು 1863ರಷ್ಟು ಹಳೆಯದು. ಮ್ಯಾಂಚೆಸ್ಟರ್ ಮೆರಿಮ್ಯಾಕ್ ನದಿ ದಡದ ಜವಳಿ ಗಿರಣಿಗಳ ಊರು, ಅಲ್ಲೇ ಇದರ ಮನೆ. 1913ರಲ್ಲಿ ಫ್ರಾಂಕ್ ನಾಕ್ಸ್ ಕೈಗೆ ಬಂತು. ಈ ನಾಕ್ಸ್ 1936ರಲ್ಲಿ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ, ಆಮೇಲೆ ಎದುರು ಪಕ್ಷದ ರೂಸ್‌ವೆಲ್ಟ್ ಸರ್ಕಾರದಲ್ಲೇ ಯುದ್ಧಕಾಲದ ನೌಕಾಪಡೆ ಮಂತ್ರಿ. ಅವರು ತೀರಿಕೊಂಡ ಮೇಲೆ 1946ರಲ್ಲಿ ವಿಲಿಯಂ ಲೋಬ್ ಪತ್ರಿಕೆ ಕೊಂಡುಕೊಂಡರು. ಯೂನಿಯನ್ ಲೀಡರ್‌ಗೆ ದೇಶಮಟ್ಟದಲ್ಲಿ ಹೆಸರು ಬಂದದ್ದು, ಕೆಟ್ಟ ಹೆಸರೂ ಬಂದದ್ದು, ಈ ಮನುಷ್ಯನಿಂದ. ಸಂಪಾದಕೀಯವನ್ನು ಒಳಪುಟದಲ್ಲಿ ಇಡದೆ ಮುಖಪುಟಕ್ಕೇ ತಂದು, ಕೆಳಗೆ ತಮ್ಮ ಸಹಿ ಹಾಕುತ್ತಿದ್ದರು. ಬಯ್ಯುವುದಾದರೆ ಅಧ್ಯಕ್ಷ ಐಸೆನ್‌ಹೋವರ್ ಅವರನ್ನೂ ಬಿಡಲಿಲ್ಲ, ಅವರೂ ರಿಪಬ್ಲಿಕನ್ನರೇ. ರಾಜ್ಯದಲ್ಲಿ ಚುನಾವಣೆಗೆ ನಿಂತವರು "ಸೇಲ್ಸ್ ಟ್ಯಾಕ್ಸ್, ಆದಾಯ ತೆರಿಗೆ ತರುವುದಿಲ್ಲ" ಅಂತ ಮಾತು ಕೊಡುವ ಪದ್ಧತಿ ಗಟ್ಟಿಯಾಗುವುದರಲ್ಲಿ ಲೋಬ್ ಪಾತ್ರ ದೊಡ್ಡದು. ಇವತ್ತಿಗೂ ಅದನ್ನು "ಪ್ಲೆಡ್ಜ್" ಅಂತಲೇ ಕರೆಯುತ್ತಾರೆ. ಎಷ್ಟೋ ಡೆಮಾಕ್ರಟಿಕ್ ಅಭ್ಯರ್ಥಿಗಳೂ ಆ ಮಾತು ಕೊಟ್ಟೇ ನಿಂತಿದ್ದಾರೆ. ಒಂದು ಪತ್ರಿಕೆಯ ಹಟ ಒಂದು ರಾಜ್ಯದ ಖಜಾನೆಯನ್ನೇ ರೂಪಿಸಿದ್ದು ನನಗಂತೂ ದೊಡ್ಡ ಸಂಗತಿ.

ಆದರೆ 1972ರದ್ದು ನುಂಗಿಕೊಳ್ಳುವುದು ಕಷ್ಟ. ಡೆಮಾಕ್ರಟಿಕ್ ಪಕ್ಷದ ಎಡ್ಮಂಡ್ ಮಸ್ಕಿ ಅಧ್ಯಕ್ಷ ಅಭ್ಯರ್ಥಿಯಾಗುವ ಓಟದಲ್ಲಿ ಮುಂದಿದ್ದರು. ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ, ಕೆಲವೇ ದಿನ ಮೊದಲು ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಫ್ರೆಂಚ್ ಕೆನಡಾ ಮೂಲದ ಜನರನ್ನು ಹೀಯಾಳಿಸುವ ಮಾತಿಗೆ ಮಸ್ಕಿ ನಕ್ಕರು ಅಂತ ಅದರ ಆರೋಪ. ಮ್ಯಾಂಚೆಸ್ಟರ್ ಗಿರಣಿಗಳಲ್ಲಿ ದುಡಿದ ಕುಟುಂಬಗಳಲ್ಲಿ ಫ್ರೆಂಚ್ ಕೆನಡಾದಿಂದ ಬಂದವರೇ ಜಾಸ್ತಿ, ಅವರ ವೋಟು ಅಲ್ಲಿ ದೊಡ್ಡದು. ಜೊತೆಗೆ ಮಸ್ಕಿ ಹೆಂಡತಿಯ ಬಗ್ಗೆಯೂ ಹಗುರವಾಗಿ ಬಂತು. ಮಸ್ಕಿ ನೇರವಾಗಿ ಪತ್ರಿಕೆಯ ಕಚೇರಿ ಮುಂದೆಯೇ ಬಂದು, ಬೀಳುವ ಹಿಮದಲ್ಲಿ ಟ್ರಕ್ ಮೇಲೆ ನಿಂತು ಲೋಬ್ ಅವರನ್ನು ಹೇಡಿ ಅಂತ ಕರೆದರು. ಮಾತಿನ ನಡುವೆ ಅವರು ಅತ್ತರು ಅಂತ ವರದಿಯಾಯಿತು. ಕೆನ್ನೆ ಮೇಲಿದ್ದದ್ದು ಕರಗಿದ ಹಿಮ ಅಂತ ಅವರು ಹೇಳಿದರು. ಪ್ರೈಮರಿಯಲ್ಲಿ ಮಸ್ಕಿಯೇ ಗೆದ್ದರು, ಆದರೆ ನಿರೀಕ್ಷೆಗಿಂತ ಕಡಿಮೆ ಅಂತರ, ಅಲ್ಲಿಂದ ಅವರ ಓಟ ಕುಂಟಿತು. ಆ ಪತ್ರ ಆಗಿನ ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಕಡೆಯವರು ಹೆಣೆದ ಕಪಟ ಅಂತ ಆಮೇಲೆ ತನಿಖೆಯಲ್ಲಿ ಬಯಲಾಯಿತು. ಎದುರಾಳಿಯ ತೆರಿಗೆ ನೀತಿಯನ್ನು ಹರಿದುಹಾಕಿ, ಅದು ಪತ್ರಿಕೆಯ ಕೆಲಸ. ಬರೆದವರು ಯಾರು ಅಂತ ವಿಚಾರಿಸದೆ ಪತ್ರ ಅಚ್ಚು ಹಾಕುವುದು, ಹೆಂಡತಿಯನ್ನು ಬೀದಿಗೆ ಎಳೆಯುವುದು ಯಾವ ಸಂಪ್ರದಾಯವಾದ? ಮರ್ಯಾದೆ ಉಳಿಸುವುದೂ ಸಂಪ್ರದಾಯದ ಭಾಗವೇ ಅಲ್ವಾ?

1981ರಲ್ಲಿ ಲೋಬ್ ತೀರಿಕೊಂಡ ಮೇಲೆ ಹೆಂಡತಿ ನ್ಯಾಕಿ ಲೋಬ್ ಪತ್ರಿಕೆ ನಡೆಸಿದರು. 1977ರ ಅಪಘಾತದ ನಂತರ ಗಾಲಿಕುರ್ಚಿಯಲ್ಲೇ ಇದ್ದವರು. 1992ರಲ್ಲಿ ಅಧಿಕಾರದಲ್ಲಿದ್ದ ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ ತೆರಿಗೆ ಏರಿಸುವುದಿಲ್ಲ ಅಂತ ಕೊಟ್ಟ ಮಾತು ಮುರಿದಿದ್ದರು. ನ್ಯಾಕಿ ಬುಷ್ ಅವರನ್ನು ಬಿಟ್ಟು, ಪ್ರೈಮರಿಯಲ್ಲಿ ಅವರ ಎದುರು ನಿಂತ ಪ್ಯಾಟ್ ಬ್ಯುಕ್ಯಾನನ್ ಬೆಂಬಲಕ್ಕೆ ನಿಂತರು. ಬ್ಯುಕ್ಯಾನನ್ ಸೋತರು, ಆದರೆ 37% ವೋಟು ತಂದು ಅಧ್ಯಕ್ಷರಿಗೆ ಬೆವರಿಳಿಸಿದರು. 1999ರಲ್ಲಿ ನ್ಯಾಕಿ ಪತ್ರಿಕೋದ್ಯಮ ಕಲಿಸುವ ಒಂದು ಶಾಲೆ ಶುರು ಮಾಡಿ, ಪತ್ರಿಕೆಯ ಒಡೆತನದ ಬಹುಪಾಲನ್ನು ಅದಕ್ಕೇ ಬಿಟ್ಟುಕೊಟ್ಟರು. ಹಾಗಾಗಿ ಎಷ್ಟೋ ಊರುಗಳ ಪತ್ರಿಕೆಗಳನ್ನು ನುಂಗಿದ ದೊಡ್ಡ ಹಣಕಾಸು ಕಂಪನಿಗಳ ಬಾಯಿಗೆ ಇದು ಬೀಳಲಿಲ್ಲ. ನನ್ನ ಚಂದಾ ಹಣ ನ್ಯೂಯಾರ್ಕಿನ ಯಾವುದೋ ಫಂಡಿಗೆ ಹೋಗುವುದಿಲ್ಲ ಅನ್ನುವುದೂ ನನಗೆ ಮುಖ್ಯ.

ಇತ್ತೀಚಿನ ಹತ್ತು ವರ್ಷ ನೋಡಿದರೆ ನನಗೆ ಗೌರವ ಇನ್ನೂ ಜಾಸ್ತಿ. 2015ರ ಕೊನೆಯಲ್ಲಿ ರಿಪಬ್ಲಿಕನ್ ಪ್ರೈಮರಿಯಲ್ಲಿ ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿಗೆ ಬೆಂಬಲ ಘೋಷಿಸಿದರು. ಕ್ರಿಸ್ಟಿ ಸೋತು ಟ್ರಂಪ್ ಕಡೆ ಹೋದಾಗ, ನಾವು ತಪ್ಪು ಮಾಡಿದೆವು ಅಂತ ಪತ್ರಿಕೆಯಲ್ಲೇ ಬರೆದರು. 2016ರ ಚುನಾವಣೆಯಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ ಬೆಂಬಲ. ನೂರು ವರ್ಷ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ನರನ್ನೇ ಎತ್ತಿಹಿಡಿದಿದ್ದ ಪತ್ರಿಕೆ ಅದು. 2020ರಲ್ಲಿ ಬೈಡನ್! ರಾಷ್ಟ್ರದ ಸಾಲ ಉಬ್ಬಿದ್ದನ್ನು ಅದರ ಕಾರಣಗಳಲ್ಲಿ ಒಂದಾಗಿ ಕೊಟ್ಟಿದ್ದರು, ಅದು ಅಪ್ಪಟ ಕನ್ಸರ್ವೇಟಿವ್ ಕಾರಣ. 2024ರ ಪ್ರೈಮರಿಯಲ್ಲಿ ನಿಕ್ಕಿ ಹೇಲಿ, ಅವರು 43% ಪಡೆದು ಟ್ರಂಪ್ ಎದುರು ಸೋತರು. ಈ ಪಟ್ಟಿ ನೋಡಿ ಪೇಪರ್‌ಗೆ ಈಗ ತೂಕ ಇಲ್ಲ ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಬೆಂಬಲ ಘೋಷಿಸುವುದು ಗೆಲ್ಲುವ ಕುದುರೆಗೆ ದುಡ್ಡು ಕಟ್ಟುವುದಕ್ಕಲ್ಲ. ತನ್ನ ಚಂದಾದಾರರು ಸಿಟ್ಟಾಗುತ್ತಾರೆ ಅಂತ ಗೊತ್ತಿದ್ದೂ, ಪಕ್ಷ ಬಿಟ್ಟು ತತ್ವ ಹಿಡಿದರು. ಈ ಎಲ್ಲ ಆಯ್ಕೆಗಳನ್ನೂ ನಾನು ಒಪ್ಪುವುದಿಲ್ಲ, 2020ರದ್ದನ್ನಂತೂ ಇವತ್ತಿಗೂ ಒಪ್ಪಿಲ್ಲ. ಆದರೆ ಕಾರಣ ಕೊಟ್ಟು ಬರೆದಿದ್ದರು, ಓದಿ ಜಗಳ ಆಡುವಂತೆ ಬರೆದಿದ್ದರು. 2020ರ ಚುನಾವಣೆಯಲ್ಲಿ ಒಂದೇ ದಿನ ಈ ರಾಜ್ಯದ ಜನ ಅಧ್ಯಕ್ಷ ಸ್ಥಾನಕ್ಕೆ ಬೈಡನ್, ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಕ್ರಿಸ್ ಸುನುನು ಅಂತ ಬೇರೆ ಬೇರೆ ವೋಟು ಹಾಕಿದರು. ಓದುಗರೂ ಅಂಥವರೇ.

ಊರಿನ ಸುದ್ದಿ ಈ ಪತ್ರಿಕೆಯ ಜೀವ. ಮಾರ್ಚ್ ಬಂತೆಂದರೆ ಟೌನ್ ಮೀಟಿಂಗ್ ಕಾಲ. ಹಳೆ ಪದ್ಧತಿಯ ಊರುಗಳಲ್ಲಿ ಶಾಲೆಯ ಜಿಮ್‌ನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಎಲ್ಲರೂ ಕೂರುತ್ತಾರೆ. ಅಗ್ನಿಶಾಮಕ ಗಾಡಿ ಹೊಸದು ಬೇಕಾ, ರಸ್ತೆ ರಿಪೇರಿಗೆ ಎಷ್ಟು, ಪೊಲೀಸರ ಸಂಬಳ ಎಷ್ಟು, ಒಂದೊಂದನ್ನೂ ಓದಿ, ಮೈಕ್ ಮುಂದೆ ಸಾಲು ನಿಂತು ಮಾತಾಡಿ, ಕೈಯಲ್ಲಿ ಕಾರ್ಡ್ ಎತ್ತಿ ವೋಟು ಹಾಕುತ್ತಾರೆ. ನಮ್ಮ ಗ್ರಾಮಸಭೆ ಪುಸ್ತಕದಲ್ಲಿ ಹೇಗಿರಬೇಕೋ ಹಾಗೆ ಇದು ನಿಜಕ್ಕೂ ನಡೆಯುತ್ತದೆ. ನಾಶುವಾ ಸಿಟಿಯಾದ್ದರಿಂದ ಇಲ್ಲಿ ಇದಿಲ್ಲ, ಸುತ್ತಲಿನ ಸಣ್ಣ ಊರುಗಳಲ್ಲಿ ಇದೆ. ಯಾವ ಊರಲ್ಲಿ ಏನು ಬಿತ್ತು, ಏನು ಪಾಸಾಯಿತು ಅಂತ ತಿಳಿಯಲು ರಾಜ್ಯವ್ಯಾಪಿ ದಿನಪತ್ರಿಕೆ ಬೇಕೇ ಬೇಕು.

ಕ್ರಾಯ್ಡನ್ ಊರಿನ ಕಥೆ ಗೊತ್ತಾ? ಜನಸಂಖ್ಯೆ ಸುಮಾರು 800. 2022ರ ಮಾರ್ಚ್ ಸಭೆಯಲ್ಲಿ ಶಾಲೆಯ ಬಜೆಟ್ ಸುಮಾರು 17 ಲಕ್ಷ ಡಾಲರ್ ಇದ್ದದ್ದನ್ನು 8 ಲಕ್ಷಕ್ಕೆ ಇಳಿಸಿ ಅಂತ ಒಬ್ಬರು ಅಲ್ಲೇ ಎದ್ದು ಸೂಚಿಸಿದರು. ಪರ 20, ವಿರೋಧ 14. ಪಾಸು! ಇಡೀ ಊರಿನ ಮಕ್ಕಳ ಓದು 34 ಜನರ ಕೈಯಲ್ಲಿ ತೀರ್ಮಾನವಾಗಿಹೋಯಿತು. ಬೆಳಗಾಗುವಷ್ಟರಲ್ಲಿ ಊರಿಗೆ ಎಚ್ಚರವಾಯಿತು. ಎಡದವರು, ಬಲದವರು ಸೇರಿ ಮನೆ ಮನೆ ತಿರುಗಿ, ಫೋನ್ ಮಾಡಿ, ಮೇ ತಿಂಗಳಲ್ಲಿ ವಿಶೇಷ ಸಭೆ ಕರೆಸಿದರು. ಅರ್ಧಕ್ಕೂ ಹೆಚ್ಚು ಮತದಾರರು ಬಂದರೆ ಮಾತ್ರ ಅದು ಊರ್ಜಿತ. ಬಂದರು. ಹಳೆ ಬಜೆಟ್ ಪರ 377, ವಿರೋಧ 2. ಖರ್ಚು ಕಡಿಮೆಯಾಗಬೇಕು ಅನ್ನುವವನಾಗಿಯೂ ಆ 377 ನೋಡಿ ನನಗೆ ಖುಷಿಯಾಯಿತು. ಸರ್ಕಾರ ಊರಿನ ಕೈಯಲ್ಲಿರಲಿ ಅಂತ ಕೇಳುವವರು ಸಭೆಗೂ ಹೋಗಬೇಕು. ಹೋಗಬೇಕಾದರೆ ಸಭೆ ಯಾವತ್ತು, ಕಾಗದದಲ್ಲಿ ಏನಿದೆ ಅಂತ ಮೊದಲೇ ಯಾರಾದರೂ ಬರೆದು ತಿಳಿಸಬೇಕು. ಊರಿನ ವರದಿಗಾರ ಇಲ್ಲದಿದ್ದರೆ ಕ್ರಾಯ್ಡನ್‌ನಂಥದ್ದು ಎಲ್ಲಿ ಬೇಕಾದರೂ ಆಗುತ್ತದೆ.

ರಾಜಕೀಯದ ಒಳಸುದ್ದಿಗೆ "ಗ್ರಾನೈಟ್ ಸ್ಟೇಟಸ್" ಅಂಕಣ ಓದಿ, ಯಾರು ಯಾವ ಸ್ಥಾನಕ್ಕೆ ನಿಲ್ಲುವ ತಯಾರಿಯಲ್ಲಿದ್ದಾರೆ ಅನ್ನುವುದು ಅಲ್ಲಿ ಬೇಗ ಗೊತ್ತಾಗುತ್ತದೆ. ಹೈಸ್ಕೂಲ್ ಆಟಗಳ ಪುಟ, ನಿಧನ ವಾರ್ತೆ ಪುಟ ಇವೂ ಬಿಡಬೇಡಿ. ನಿಧನ ವಾರ್ತೆ ನಮ್ಮಲ್ಲಿನ ಹಾಗೆ ನಾಲ್ಕು ಸಾಲಲ್ಲ. ಸತ್ತವರು ಯಾವ ಗಿರಣಿಯಲ್ಲಿ ದುಡಿದರು, ಯಾವ ಚರ್ಚಿನಲ್ಲಿ ಹಾಡಿದರು, ಯಾವ ಯುದ್ಧಕ್ಕೆ ಹೋಗಿದ್ದರು ಎಲ್ಲ ಇರುತ್ತದೆ. ಪಕ್ಕದ ಬೀದಿಯ ಅಜ್ಜ ಯಾರಾಗಿದ್ದರು ಅಂತ ತಿಳಿಯುವುದು ಎಷ್ಟೋ ಸಲ ಆಗಲೇ. ಡಿಸೆಂಬರ್‌ನಲ್ಲಿ ಸಾಂಟಾ ಫಂಡ್. ಪತ್ರಿಕೆ ದೇಣಿಗೆ ಎತ್ತಿ ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಮೂಲಕ ಮ್ಯಾಂಚೆಸ್ಟರ್ ಕಡೆಯ ಬಡ ಮನೆಗಳಿಗೆ ಹಬ್ಬದ ಸಹಾಯ ತಲುಪಿಸುತ್ತದೆ. ಕೊಟ್ಟವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಅಮ್ಮನ ನೆನಪಿಗೆ, ತಮ್ಮನ ನೆನಪಿಗೆ ಅಂತ ಒಂದು ಸಾಲಿನ ಜೊತೆ. ಸರ್ಕಾರವನ್ನು ಕಾಯದೆ ಊರೇ ಊರನ್ನು ನೋಡಿಕೊಳ್ಳಬೇಕು ಅನ್ನುವ ಮಾತು ಸಂಪಾದಕೀಯದಲ್ಲಿ ಓದುವುದಕ್ಕಿಂತ ಆ ಪಟ್ಟಿಯಲ್ಲಿ ಓದಿದರೆ ಜಾಸ್ತಿ ನಂಬಿಕೆ ಬರುತ್ತದೆ. ಮಂದಾರ ಕನ್ನಡ ಕೂಟದವರು ಹಬ್ಬಕ್ಕೆ ಸೇರಿದಾಗ ಒಂದು ಡಬ್ಬಿ ಇಟ್ಟು ಇದಕ್ಕೂ ಕೊಡಬಹುದು ಅಂತ ನನ್ನ ಆಸೆ.

ಕೊರತೆ ಇಲ್ಲವೇ? ಇದೆ. ಅಮೆರಿಕದ ಎಲ್ಲ ಊರ ಪತ್ರಿಕೆಗಳ ಹಾಗೆ ಇದೂ ಸೊರಗಿದೆ, ಹಳೆಯ ದಪ್ಪ ಪೇಪರ್ ನಿರೀಕ್ಷಿಸಬೇಡಿ. ವಲಸೆ ವಿಚಾರದಲ್ಲಿ ಈ ದೇಶದ ಕನ್ಸರ್ವೇಟಿವ್ ಬರಹಗಾರರಲ್ಲಿ ಒಂದು ಸಾಮಾನ್ಯ ದೋಷ ಇದೆ. ಗಡಿಯ ಗಲಾಟೆ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಕಾನೂನು ಪ್ರಕಾರ ಬಂದು, ತೆರಿಗೆ ಕಟ್ಟಿ, ಒಂದು ದೇಶಕ್ಕೆ 7% ಅನ್ನುವ ಮಿತಿಯಿಂದಾಗಿ ಗ್ರೀನ್ ಕಾರ್ಡ್ ಸಾಲಿನಲ್ಲಿ ದಶಕಗಟ್ಟಲೆ ನಿಂತಿರುವ ಭಾರತೀಯರ ಬಗ್ಗೆ ಬರೆಯುವುದು ಕಡಿಮೆ. ನಿಯಮ ಪಾಲಿಸುವವರನ್ನು ಗೌರವಿಸಿ ಅನ್ನುವ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಆದರೆ ಓದುಗರ ಪತ್ರಗಳ ಪುಟ ಇದ್ದೇ ಇದೆ. ಸುಮ್ನೆ ಗೊಣಗುವ ಬದಲು ನಾವೇ ಬರೆಯಬೇಕು.

ವೋಟಿನ ಹಕ್ಕಿಲ್ಲದವರಿಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ. ಕಂದಾಯ ಕಟ್ಟುತ್ತೀರಿ, ಮಕ್ಕಳು ಇಲ್ಲಿನ ಶಾಲೆಗೆ ಹೋಗುತ್ತಾರೆ. ಡೆಮಾಕ್ರಟಿಕ್ ಕಡೆಯವರಾದರೂ ತರಿಸಿ, ಎದುರು ಪಕ್ಷದ ಒಳ್ಳೆಯ ವಾದ ಯಾವುದು ಅಂತ ಟಿವಿಯ ಕಿರುಚಾಟದಲ್ಲಿ ತಿಳಿಯುವುದಿಲ್ಲ. ವಾರವೆಲ್ಲ ಓದಲು ಪುರುಸೊತ್ತಿಲ್ಲದವರು ಭಾನುವಾರದ ಸಂಡೇ ನ್ಯೂಸ್ ಒಂದನ್ನೇ ನೋಡಿ. 1946ರಲ್ಲಿ ಅದು ಹುಟ್ಟಿದಾಗ, ಮುಂದೆ ವಾಷಿಂಗ್ಟನ್ ಪೋಸ್ಟ್ ಸಂಪಾದಕರಾದ ಬೆನ್ ಬ್ರಾಡ್ಲಿ ಅಲ್ಲಿ ವರದಿಗಾರ. ಚಂದಾ ದರ ಆಗಾಗ ಬದಲಾಗುತ್ತದೆ, ಅವರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ದುಡ್ಡು ಹಾಕುವ ಮೊದಲು ರುಚಿ ನೋಡಬೇಕು ಅನ್ನುವವರು ಊರಿನ ಲೈಬ್ರರಿಯಲ್ಲಿ ಕೇಳಿ. ಶುರು ಮಾಡುವುದಾದರೆ ಜನವರಿಯಿಂದ ಮಾಡಿ, ಆಗ ಊರೂರಿನ ಬಜೆಟ್ ಚರ್ಚೆ ಶುರುವಾಗುತ್ತದೆ, ಮಾರ್ಚ್ ಹೊತ್ತಿಗೆ ನಿಮ್ಮ ಊರಿನ ಲೆಕ್ಕ ಬಾಯಿಪಾಠ ಆಗಿರುತ್ತದೆ.