ಚಂದ್ರನ ಆಪ್ ಆರು ತಿಂಗಳು ಬಳಸಿದ್ಮೇಲೆ: ಉಬ್ಬರದ ಗ್ರಾಫ್ ಸೂಪರ್, ಹುಣ್ಣಿಮೆ ಮೆಸೇಜ್ ಬೇಡವೇ ಬೇಡ

ಆರು ತಿಂಗಳಿಂದ ಈ ಆಪ್ ಯೂಸ್ ಮಾಡ್ತಿದೀನಿ. 4 ಸ್ಟಾರ್.

ಹಾಕ್ಕೊಂಡಿದ್ದು ಹುಣ್ಣಿಮೆ ಯಾವತ್ತು ಅಂತ ನೋಡೋಕಷ್ಟೇ, ಆದ್ರೆ ಈಗ ದಿನಾ ತೆಗೆಯೋದು ಉಬ್ಬರ ಇಳಿತದ ಗ್ರಾಫಿಗೋಸ್ಕರ. ಬೇಕಾದ ಬಂದರು ಆರಿಸ್ಕೊಂಡ್ರೆ ಕೆಳಗೆ ನೀರಿನ ಮಟ್ಟದ ಗೆರೆ, ಮೇಲೆ ಚಂದ್ರ, ಬೆರಳಲ್ಲಿ ಎಳೀತಾ ಹೋದ ಹಾಗೆ ಎರಡೂ ಒಟ್ಟಿಗೆ ಓಡುತ್ತೆ. ಅಮಾವಾಸ್ಯೆ ಹುಣ್ಣಿಮೆ ಹತ್ರ ಗೆರೆ ಎತ್ತರಕ್ಕೆ ಎದ್ದು ಆಳಕ್ಕೆ ಬೀಳುತ್ತೆ, ಅಷ್ಟಮಿ ಹೊತ್ತಿಗೆ ಸಪ್ಪೆ. ಉಬ್ಬರ ಎಬ್ಬಿಸೋ ಶಕ್ತಿ ಸೂರ್ಯಂಗೂ ಇದೆ, ಚಂದ್ರಂದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ, ಒಂದೇ ಸಾಲಿಗೆ ಬಂದಾಗ ಎರಡೂ ಕೂಡುತ್ತೆ, ಅಡ್ಡ ನಿಂತಾಗ ಕಳೆಯುತ್ತೆ ಅಂತ ಸ್ಕೂಲಲ್ಲಿ ಓದಿದ್ದೆ, ಕಣ್ಣಿಗೆ ಕಂಡಿದ್ದು ಈಗಲೇ. ಕೆನಡಾದ ಫಂಡಿ ಕೊಲ್ಲಿ ಹಾಕಿ ನೋಡಿ, 16 ಮೀಟರ್ ತನಕ ಏರಿಳಿತ!

ಇನ್ನೊಂದು, ಜೀವಿಗಳ ಸೆಕ್ಷನ್. ಗ್ರೇಟ್ ಬ್ಯಾರಿಯರ್ ರೀಫಲ್ಲಿ ವರ್ಷಕ್ಕೊಂದ್ಸಲ ಹುಣ್ಣಿಮೆ ಕಳೆದ ಕೆಲವು ರಾತ್ರೀಲಿ ಹವಳಗಳು ಒಟ್ಟಿಗೆ ಮೊಟ್ಟೆ, ವೀರ್ಯ ಬಿಡೋದು ಬಹಳ ಜನಕ್ಕೆ ಗೊತ್ತಿರುತ್ತೆ. ನನ್ನ ಹಿಡಿದು ನಿಲ್ಲಿಸಿದ್ದು ಕ್ಯಾಲಿಫೋರ್ನಿಯಾದ ಗ್ರುನಿಯನ್ ಅನ್ನೋ ಸಣ್ಣ ಮೀನು. ಹುಣ್ಣಿಮೆ, ಅಮಾವಾಸ್ಯೆ ಆದ್ಮೇಲಿನ ರಾತ್ರಿಗಳಲ್ಲಿ ದೊಡ್ಡ ಉಬ್ಬರದ ಅಲೆ ಜೊತೆ ದಡಕ್ಕೆ ಬಂದು ಮರಳಲ್ಲಿ ಮೊಟ್ಟೆ ಇಟ್ಟು ವಾಪಸ್ ಹೋಗುತ್ತೆ, ನೀರು ಅಷ್ಟು ಮೇಲಕ್ಕೆ ಮತ್ತೆ ಬರೋದು ಸುಮಾರು ಎರಡು ವಾರ ಬಿಟ್ಟು, ಅಲ್ಲೀ ತನಕ ಮೊಟ್ಟೆ ಮರಳೊಳಗೆ ಸೇಫ್, ಆ ಅಲೆ ಬಂದು ಅಲುಗಾಡಿಸಿದ್ಮೇಲೇ ಮರಿ ಹೊರಗೆ. ಇದನ್ನ ಓದಿ ತಕ್ಷಣ ಗ್ರಾಫಿಗೆ ಹೋಗಿ ಆ ಎರಡು ವಾರದ ಅಂತರ ಹುಡುಕಿ ನೋಡಿದೆ, ಮೈ ಜುಂ ಅಂತು. ಬೆಳದಿಂಗಳ ಧ್ರುವೀಕರಣ (ಬೆಳಕಿನ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಲ್ಲಿ ಕಂಪಿಸೋದು) ನೋಡ್ಕೊಂಡು ನೇರ ದಾರೀಲಿ ಉಂಡೆ ಉರುಳಿಸೋ ಸಗಣಿ ಹುಳದ ಬಗ್ಗೆನೂ ಇದೆ, ಆದ್ರೆ ಎರಡೇ ಸಾಲು, ಇನ್ನೂ ಬರೀಬೇಕಿತ್ತು.

ಈಗ ತಪ್ಪುಗಳು. ವಿಜೆಟ್‌ನಲ್ಲಿ ದೂರ ಯಾವಾಗಲೂ 3,84,400 ಕಿ.ಮೀ. ಅದು ಸರಾಸರಿ ಅಷ್ಟೇ. ಚಂದ್ರ ಸುಮಾರು 3,63,000ಕ್ಕೆ ಹತ್ರ ಬಂದು 4,05,000ಕ್ಕೆ ದೂರ ಹೋಗ್ತಾನೆ, ದೂರ ಇದ್ದಾಗ ಇರೋದಕ್ಕೆ ಹೋಲಿಸಿದ್ರೆ ಹತ್ರ ಇದ್ದಾಗ ಉಬ್ಬರದ ಶಕ್ತಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರುತ್ತೆ, ಹಾಗಾಗಿ ಇದು ಚಿಕ್ಕ ವಿಷಯ ಅಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ಮಾತ್ರ ಹುಣ್ಣಿಮೆ ನೋಟಿಫಿಕೇಶನ್‌ಗೆ. ‘ನಿಮ್ಮ ದೇಹದಲ್ಲೂ ನೀರಿದೆ, ಇವತ್ತು ಮನಸ್ಸು ಕದಡಬಹುದು’ ಅಂತ ಬರುತ್ತೆ. ಉಬ್ಬರ ಆಗೋದು ಭೂಮಿಯ ಈ ಕಡೆಗೂ ಆ ಕಡೆಗೂ ಎಳೆತದಲ್ಲಿ ಇರೋ ವ್ಯತ್ಯಾಸದಿಂದ, ಭೂಮಿ ಅಡ್ಡಕ್ಕೆ 12,700 ಕಿ.ಮೀ. ಇರೋದ್ರಿಂದ ಅದು ಲೆಕ್ಕಕ್ಕೆ ಬರುತ್ತೆ, ಕೆರೇಲೇ ಕಾಣದ ಉಬ್ಬರ ಎರಡು ಮೀಟರ್ ಇಲ್ಲದ ಮನುಷ್ಯನ ಒಳಗೆ ಎಲ್ಲಿಂದ ಬರಬೇಕು? ಇಷ್ಟು ಚೆನ್ನಾಗಿ ಗ್ರಾಫ್ ಮಾಡಿದವ್ರೇ ಇದನ್ನ ಕಳಿಸ್ತಾರೆ ಅನ್ನೋದೇ ಬೇಜಾರು, ಭಯ ಇರೋವ್ರು ನಂಬಿಬಿಡ್ತಾರೆ.

ಆಫ್ ಮಾಡೋಣ ಅಂದ್ರೆ ಅದರ ಜೊತೆ ಉಬ್ಬರದ ಅಲರ್ಟೂ ಆಫ್ ಆಗುತ್ತೆ. ಎರಡಕ್ಕೂ ಬೇರೆ ಬೇರೆ ಬಟನ್ ಕೊಡಿ ಪ್ಲೀಸ್.