ಲೋಡರ್‌ಗೆ ಯಾವ ಪಂಪ್? ಮೂರೂ ಹಾಕಿ ನೋಡಿದ ಮೇಲೆ

ಸಣ್ಣ ಟ್ರ್ಯಾಕ್ಟರ್‌ಗೆ ಮುಂದೆ ಲೋಡರ್ (ಮಣ್ಣು, ಗೊಬ್ಬರ ಎತ್ತುವ ಬಕೆಟ್ ಇರುವ ತೋಳು) ಕೂರಿಸುವವರು ಮೊದಲು ಕೇಳುವುದು "ಪಂಪ್ ಎಷ್ಟು ಪ್ರೆಶರ್ ಕೊಡುತ್ತೆ?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಇಂಜಿನ್ 1500 ಆರ್‌ಪಿಎಂನಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಬರುತ್ತದೆ ಅಂತ. ಲೋಡರ್ ಕೆಲಸದಲ್ಲಿ ಯಾರೂ ಫುಲ್ ಥ್ರಾಟಲ್ ಕೊಟ್ಟು ಹಿಂದೆ ಮುಂದೆ ಓಡಾಡುವುದಿಲ್ಲ, ಅಲ್ವಾ? ಎತ್ತುವ ಬಲ ಸಿಲಿಂಡರಿನ ಅಗಲ ಮತ್ತು ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ದಾಟಿದರೆ ಆಯಿಲನ್ನು ಟ್ಯಾಂಕಿಗೆ ಬಿಡುವ ವಾಲ್ವ್) ಸೆಟ್ಟಿಂಗ್ ಮೇಲೆ ನಿಂತಿದೆ. ಎಷ್ಟು ಬೇಗ ಎತ್ತುತ್ತದೆ ಅನ್ನುವುದು ಪಂಪಿನ ಲೆಕ್ಕ.

ನನ್ನದು 25 ಎಚ್‌ಪಿ ಗಾಡಿ, ಇಂಜಿನ್ 2500 ಆರ್‌ಪಿಎಂವರೆಗೆ ಹೋಗುತ್ತದೆ. ಲೋಡರಿನ ತೋಳಿಗೆ 50 ಮಿಲಿಮೀಟರ್ ಬೋರಿನ (ಒಳಗಿನ ಅಗಲ) ಎರಡು ಸಿಲಿಂಡರ್, ಅರ್ಧ ಮೀಟರ್ ಸ್ಟ್ರೋಕ್ (ರಾಡ್ ಹೊರಬರುವ ಉದ್ದ). ಎರಡನ್ನೂ ಪೂರ್ತಿ ಎತ್ತಲು ಹತ್ತಿರ ಹತ್ತಿರ 2 ಲೀಟರ್ ಆಯಿಲ್ ಬೇಕು. 150 ಬಾರ್ ಪ್ರೆಶರ್‌ನಲ್ಲಿ ಒಂದೊಂದು ಸಿಲಿಂಡರೂ 3 ಟನ್ ತಳ್ಳುತ್ತದೆ. ಅದಕ್ಕಿಂತ ಜಾಸ್ತಿ ಮಾಡಿದರೆ ಬಕೆಟ್ ಬದಲು ಹಿಂದಿನ ಚಕ್ರ ಏಳುತ್ತದೆ, ಅಷ್ಟೆ.

ಮೊದಲು ಗಾಡಿಯದೇ ಹೈಡ್ರಾಲಿಕ್. ಖರ್ಚು ಕಡಿಮೆ, ಬೇರೆ ಟ್ಯಾಂಕ್ ಬೇಡ, ಎರಡು ಹೋಸ್ ಜೋಡಿಸಿದರೆ ಆಯಿತು. ಪಂಪ್ ಕೊಡುವುದು ನಿಮಿಷಕ್ಕೆ 18 ಲೀಟರ್, ಅದೂ ಫುಲ್ ಥ್ರಾಟಲ್‌ನಲ್ಲಿ. ಆಗ ಬಕೆಟ್ ಮೇಲೆ ಹೋಗಲು 7 ಸೆಕೆಂಡ್. 1500ಕ್ಕೆ ಇಳಿಸಿದರೆ 11 ಸೆಕೆಂಡ್. ಲಿವರ್ ಹಿಡಿದು ಸುಮ್ನೆ ಕಾಯುತ್ತಾ ಕೂರಬೇಕು. ಅಪರೂಪಕ್ಕೆ ಗೊಬ್ಬರ ಎತ್ತುವವರಿಗೆ ಇದೇ ಸಾಕು, ಬೇರೆ ಪಂಪ್ ತರುವುದು ದಂಡ. ಒಂದು ಎಚ್ಚರ ಮಾತ್ರ ಬೇಕು. ಇಲ್ಲಿ ಗೇರ್‌ಬಾಕ್ಸ್‌ಗೂ ಲೋಡರ್‌ಗೂ ಆಯಿಲ್ ಒಂದೇ. ಹೋಸ್ ಬಿಚ್ಚಿ ಹಾಕುವಾಗ ಕಪ್ಲಿಂಗ್‌ಗೆ ಅಂಟಿದ ಮಣ್ಣು ಒಳಗೆ ಹೋದರೆ ಅದು ಲೋಡರಿನಲ್ಲೇ ನಿಲ್ಲುವುದಿಲ್ಲ.

ಆಮೇಲೆ ಪಿಟಿಒ ಪಂಪ್, ಅಂದರೆ ಟ್ರ್ಯಾಕ್ಟರ್ ಹಿಂದೆ ಯಂತ್ರ ತಿರುಗಿಸಲು ಇರುವ ಶಾಫ್ಟ್‌ಗೆ ಜೋಡಿಸುವ ಪಂಪ್. 1:3 ಗೇರ್‌ಬಾಕ್ಸ್, ಅದರ ಬೆನ್ನಿಗೆ 20 ಸಿಸಿ (ಒಂದು ಸುತ್ತಿಗೆ 20 ಮಿಲಿಲೀಟರ್ ಆಯಿಲ್ ತಳ್ಳುವ) ಗೇರ್ ಪಂಪ್. ಪಿಟಿಒ 540ರಲ್ಲಿ ತಿರುಗಿದರೆ ಪಂಪ್ 1620ರಲ್ಲಿ ತಿರುಗಿ 32 ಲೀಟರ್ ಕೊಡುತ್ತದೆ. ಬಕೆಟ್ 4 ಸೆಕೆಂಡಿನೊಳಗೆ ಮೇಲೆ. ಹಿಂದೆ ತೂಗುವ ಟ್ಯಾಂಕಿನ ಭಾರವೂ ಲೋಡರ್‌ಗೆ ಒಳ್ಳೆಯದೇ. ಕಾಗದದ ಮೇಲೆ ಇದೇ ಗೆಲ್ಲಬೇಕಿತ್ತು.

ಆದರೆ ನನ್ನ ಗಾಡಿ ಸಿಂಗಲ್ ಕ್ಲಚ್. ಟ್ರೈಲರ್ ಹತ್ತಿರ ಬಂದು ಕ್ಲಚ್ ಒತ್ತಿದ ತಕ್ಷಣ ಪಿಟಿಒ ನಿಲ್ಲುತ್ತದೆ, ಪಂಪ್ ನಿಲ್ಲುತ್ತದೆ. ತುಂಬಿದ ಬಕೆಟ್ ಟ್ರೈಲರ್ ಅಂಚಿಗೆ ಗೇಣು ದೂರದಲ್ಲಿ ಅಲ್ಲೇ ನಿಂತಿರುತ್ತದೆ. ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು, ಮತ್ತೆ ಲಿವರ್ ಎಳೆದು ಸುರಿಯಬೇಕು. ಪ್ರತಿ ಬಕೆಟ್‌ಗೂ ಇದೇ ಸರ್ಕಸ್. ಡ್ಯುಯಲ್ ಕ್ಲಚ್ ಇದ್ದರೆ ಅರ್ಧ ಒತ್ತಿ ಪಾರಾಗಬಹುದು. ಆದರೂ ಹಿಂದೆ ರೋಟವೇಟರ್ ಹಾಕಬೇಕೆಂದರೆ ಪಂಪ್ ಕಳಚಲೇಬೇಕು.

ಕೊನೆಗೆ ಉಳಿದದ್ದು ಇಂಜಿನ್ ಮುಂದೆ, ಕ್ರ್ಯಾಂಕ್ ಪುಲ್ಲಿಗೆ ಜೋಡಿಸುವ ಗೇರ್ ಪಂಪ್. ಕ್ಲಚ್ ಗೊಡವೆ ಇಲ್ಲ, ಪಿಟಿಒ ಖಾಲಿ. ಕಷ್ಟ ಇರುವುದು ಕೂರಿಸುವುದರಲ್ಲಿ. ಬ್ರಾಕೆಟ್ ಸ್ವಲ್ಪ ಓರೆಯಾದರೂ ಕಪ್ಲಿಂಗ್ ಸವೆದು ಶಾಫ್ಟ್ ಸೀಲ್ ಸೋರಲು ಶುರುವಾಗುತ್ತದೆ.

22 ಸಿಸಿ ಮತ್ತು 14 ಸಿಸಿ ಎರಡನ್ನೂ ಹಾಕಿ ನೋಡಿದೆ. 22 ಸಿಸಿ 2500ರಲ್ಲಿ 55 ಲೀಟರ್ ತಳ್ಳುತ್ತದೆ. ಬಾರನ್ನು ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 150 ಬಾರ್‌ಗೆ 13.75 ಕಿಲೋವ್ಯಾಟ್. ಪಂಪಿನ ನಷ್ಟ ಸೇರಿಸಿದರೆ 22 ಎಚ್‌ಪಿ ಅದಕ್ಕೇ ಹೋಯಿತು, ಚಕ್ರಕ್ಕೆ ಉಳಿಯುವುದೇನು? ಮಣ್ಣಿನ ರಾಶಿಗೆ ಬಕೆಟ್ ಚುಚ್ಚಿ ಎತ್ತಿದಾಗಲೆಲ್ಲ ಇಂಜಿನ್ ಮುಕ್ಕರಿಯುತ್ತಿತ್ತು. 14 ಸಿಸಿ ಪಂಪ್ 1500ರಲ್ಲಿ 21 ಲೀಟರ್, 2500ರಲ್ಲಿ 35 ಲೀಟರ್ ಕೊಡುತ್ತದೆ. ಕೆಲಸದ ವೇಗದಲ್ಲಿ 6 ಸೆಕೆಂಡಿಗೆ ಬಕೆಟ್ ಮೇಲೆ. ಈಗ ಗಾಡಿಯಲ್ಲಿರುವುದು ಅದೇ.

ಇದನ್ನು ಹಾಕುವವರು ಸಕ್ಷನ್ ಹೋಸ್ (ಟ್ಯಾಂಕಿನಿಂದ ಪಂಪಿಗೆ ಆಯಿಲ್ ಎಳೆಯುವ ಹೋಸ್) ವಿಷಯದಲ್ಲಿ ಕಂಜೂಸಿ ಮಾಡಬೇಡಿ. ಟ್ಯಾಂಕ್ ಜೊತೆ ಬಂದದ್ದು ಮುಕ್ಕಾಲು ಇಂಚಿನದು. ಅದರಲ್ಲಿ 35 ಲೀಟರ್ ಎಳೆದರೆ ಆಯಿಲ್ ಸೆಕೆಂಡಿಗೆ 2 ಮೀಟರ್ ಓಡಬೇಕು. ಸಕ್ಷನ್‌ನಲ್ಲಿ 1 ಮೀಟರ್ ದಾಟಬಾರದು. ಥ್ರಾಟಲ್ ಏರಿಸಿದಾಗ ಪಂಪಿನೊಳಗೆ ಜಲ್ಲಿ ಹಾಕಿ ಅರೆದ ಹಾಗೆ ಸದ್ದು. ಒಂದೂಕಾಲು ಇಂಚಿನ ಹೋಸ್ ಹಾಕಿದ ಮೇಲೆ ಸದ್ದು ಹೋಯಿತು. ಪಂಪ್ ಸದಾ ತಿರುಗುವುದರಿಂದ ಲಿವರಿನ ವಾಲ್ವ್ ಓಪನ್ ಸೆಂಟರ್ (ಲಿವರ್ ನಡುವೆ ಇದ್ದಾಗ ಆಯಿಲನ್ನು ಸಲೀಸಾಗಿ ಟ್ಯಾಂಕಿಗೆ ಬಿಡುವಂಥದ್ದು) ಆಗಿರಲೇಬೇಕು. ಇಲ್ಲದಿದ್ದರೆ ಆಯಿಲ್ ಪೂರಾ ರಿಲೀಫ್ ವಾಲ್ವ್ ಮೇಲೆ ಹರಿದು ಟ್ಯಾಂಕ್ ಕಾದುಹೋಗುತ್ತದೆ.

ವೇನ್ ಪಂಪ್ ಸದ್ದು ಕಡಿಮೆ, ಪಿಸ್ಟನ್ ಪಂಪ್ ಪ್ರೆಶರ್ ಜಾಸ್ತಿ ತಡೆಯುತ್ತದೆ. ಎರಡಕ್ಕೂ ಆಯಿಲ್ ತುಂಬಾ ಶುಚಿಯಾಗಿರಬೇಕು. ಧೂಳಿನಲ್ಲಿ ಕೆಲಸ ಮಾಡುವ ಲೋಡರ್‌ಗೆ ನಾನಂತೂ ಹಾಕುವುದಿಲ್ಲ.

ತರುವ ಮುಂಚೆ ತಿರುಗುವ ದಿಕ್ಕು ನೋಡಿಕೊಳ್ಳಿ. ಪಂಪಿನ ದಿಕ್ಕನ್ನು ಶಾಫ್ಟ್ ಕಡೆಯಿಂದ ನೋಡಿ ಹೇಳುತ್ತಾರೆ. ಗಾಡಿ ಮುಂದೆ ನಿಂತು ನೋಡಿದಾಗ ಕ್ರ್ಯಾಂಕ್ ಬಲಕ್ಕೆ ತಿರುಗುತ್ತಿದ್ದರೆ, ಅದಕ್ಕೆ ಎದುರಾಗಿ ಕೂರುವ ಪಂಪ್ ಎಡಕ್ಕೆ ತಿರುಗುವಂಥದ್ದಾಗಿರಬೇಕು. ಉಲ್ಟಾ ತಿರುಗಿಸಿದರೆ ಪ್ರೆಶರ್ ಸೀಲ್ ಕಡೆಗೆ ನುಗ್ಗಿ ಅದನ್ನೇ ಕಿತ್ತು ಹಾಕುತ್ತದೆ.